ಡಬ್ಬದೊಳಕ್ಕೆ ನೀರು ಹೋದ ಬಗೆ

ನಂಜೇಗೌಡರ ಎಡಗಣ್ಣಿನ ದೃಷ್ಟಿ ಹೋದದ್ದು ನನ್ನಿಂದ. ಅವರು ಮಾಡಿದ ಆಯುಧಪೂಜೆಯಿಂದ ಎಂದು ನಾನು ಹತ್ತು ವರ್ಷಕ್ಕೂ ಮಿಗಿಲಾದ ಕಾಲ ಹೇಳುತ್ತ ಬಂದೆ — ಸಭೆಗಳಲ್ಲಿ, ತರಗತಿಗಳಲ್ಲಿ, ಅಷ್ಟೇಕೆ, ಸ್ವತಃ ಗೌಡರ ಹಾಸಿಗೆಯ ಪಕ್ಕದಲ್ಲಿ ಕುಳಿತು. ಅದು ಸುಳ್ಳು. ಹೇಳುವಾಗಲೇ ನನಗೆ ಅದು ಸುಳ್ಳೆಂದು ತಿಳಿದಿತ್ತು.

ಕಾಲವನ್ನು ಮೊದಲು ಖಚಿತಪಡಿಸುತ್ತೇನೆ. ವಿಷಯದಲ್ಲಿ ಸುಳ್ಳಾಡಿದವನು ತಾರೀಖಿನಲ್ಲಾದರೂ ತಪ್ಪಬಾರದು. ನನ್ನ ನೆನಪು ಈ ಘಟನೆಯನ್ನು 1956ರ ದಸರೆಗೆ ಜೋಡಿಸಿಕೊಂಡಿತ್ತು. ಆದರೆ ಆ ಹಬ್ಬಕ್ಕೆ ಧಾರವಾಡದಿಂದ ಬಂದಿದ್ದ ನಮ್ಮ ನೆಂಟರು "ಈಗ ನಾವೂ ನಿಮ್ಮ ರಾಜ್ಯದವರೇ" ಎಂದು ನಗುತ್ತ ಜಂಬೂಸವಾರಿ ನೋಡಿದ್ದು ಸ್ಪಷ್ಟವಾಗಿ ನೆನಪಿದೆ. ಏಕೀಕರಣವಾದದ್ದು 1956ರ ನವೆಂಬರಿನಲ್ಲಿ. ಆದ್ದರಿಂದ ಅದು 1957ರ ದಸರೆಯೇ ಆಗಿರಬೇಕು. ಮಳೆಯನ್ನು ಚಿತ್ತಾ ಎಂದುಕೊಂಡಿದ್ದೆ. ಹಳೆಯ ಪಂಚಾಂಗ ತೆಗೆದು ನೋಡಿದಾಗ ಹಸ್ತ ಎಂದು ತಿಳಿಯಿತು. ಅಪಘಾತವಾದದ್ದು ಹಬ್ಬದ ರಜೆ ಕಳೆದ ಸೋಮವಾರ. ಇದರಲ್ಲಿ ಸಂಶಯವಿಲ್ಲ, ಏಕೆಂದರೆ ಹಿಂದಿನ ಶುಕ್ರವಾರವಷ್ಟೇ ರಷ್ಯದವರು ಕೃತಕ ಉಪಗ್ರಹವನ್ನು ಹಾರಿಸಿದ್ದರು, ಊರೆಲ್ಲ ಅದೇ ಮಾತಾಗಿತ್ತು. ಆ ಉಪಗ್ರಹಕ್ಕೂ ನನ್ನ ಸುಳ್ಳಿಗೂ ಒಂದು ನಂಟಿದೆ — ಅದನ್ನು ಮುಂದೆ ಹೇಳುತ್ತೇನೆ.

ಆಗ ನಾನು ಬನ್ನಿಮಂಟಪದ ಕಡೆಯ ಒಂದು ಸಣ್ಣ ಸುಗಂಧದ್ರವ್ಯದ ಕಾರ್ಖಾನೆಯಲ್ಲಿ ಪ್ರಯೋಗಶಾಲೆಯ ಮುಖ್ಯಸ್ಥನಾಗಿದ್ದೆ. ಆ ಕಾರ್ಖಾನೆ ಈಗಿಲ್ಲ, ಹೆಸರು ಬೇಡ. ಊದುಬತ್ತಿಯವರಿಗೆ ಬೇಕಾದ ಕೃತಕ ಕಸ್ತೂರಿಯನ್ನು ನಮ್ಮ ಊರಿನಲ್ಲೇ ತಯಾರಿಸಬೇಕೆಂಬುದು ಯಜಮಾನರ ಆಸೆ, ನನ್ನ ಹಟ. ಅದಕ್ಕೆ ನಿರ್ಜಲ ಅಲ್ಯೂಮಿನಿಯಂ ಕ್ಲೋರೈಡ್ ಎಂಬ ರಾಸಾಯನಿಕ ಅಗತ್ಯ. ನೋಡಲು ಮಾಸಲು ಹಳದಿಯ ಪುಡಿ, ನಡುನಡುವೆ ಹೆಂಟೆ. ಅದರ ಸ್ವಭಾವವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ — ಅದಕ್ಕೆ ನೀರನ್ನು ಕಂಡರೆ ಆಗದು. ಗಾಳಿಯಲ್ಲಿರುವ ತೇವವೇ ಸಾಕು, ಹೊಗೆಯಾಡತೊಡಗುತ್ತದೆ. ನಾಲ್ಕು ಹನಿ ಬಿದ್ದರೆ ಕುದಿದು, ಮೂಗು ಗಂಟಲು ಸುಡುವ ಆಮ್ಲದ ಅನಿಲವನ್ನು ಕಾರುತ್ತದೆ. ತೆರೆದ ಜಾಗದಲ್ಲಿ ಆ ಅನಿಲ ಹೊರಟುಹೋಗುತ್ತದೆ. ಮುಚ್ಚಿದ ಡಬ್ಬದಲ್ಲಿ ಹೋಗಲು ದಾರಿಯಿಲ್ಲದೆ ಕಾಯುತ್ತ ಕೂರುತ್ತದೆ, ಯಾರಾದರೂ ಮುಚ್ಚಳ ಎತ್ತುವ ತನಕ.

ಆದ್ದರಿಂದ ನಾನು ನಿಯಮ ಮಾಡಿದ್ದೆ. ಮೋಡ ಕವಿದ ದಿನ ಡಬ್ಬ ತೆರೆಯಬಾರದು. ಒಲೆಯ ಮೇಲೆ ಕಾಯಿಸಿ ಒಣಗಿಸಿದ ಸೌಟಿನಿಂದಲೇ ಮೊಗೆಯಬೇಕು. ತೆಗೆದ ಕೂಡಲೇ ಮುಚ್ಚಿ ಅಂಚಿಗೆ ಮೇಣ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಉಗ್ರಾಣದ ಮೇಲ್ವಿಚಾರಕರಿಲ್ಲದೆ ಯಾರೂ ಅದನ್ನು ಮುಟ್ಟಬಾರದು.

ಆ ಮೇಲ್ವಿಚಾರಕರೇ ನಂಜೇಗೌಡರು. ವರುಣದ ಕಡೆಯ ಒಕ್ಕಲು ಮನೆತನದವರು. ನನಗಿಂತ ಎರಡು ಮೂರು ವರ್ಷಕ್ಕೆ ಕಿರಿಯರು. ಎತ್ತರದ ಆಳು, ದೊಡ್ಡ ನಗು. ಆಯುಧಪೂಜೆ ಬಂತೆಂದರೆ ಕಾರ್ಖಾನೆ ಅವರ ವಶವಾಗುತ್ತಿತ್ತು. ಹಿಂದಿನ ದಿನ ಮಧ್ಯಾಹ್ನದಿಂದಲೇ ಸೌಟು, ಕೊಳವೆ, ಇಕ್ಕಳ, ತಕ್ಕಡಿಯ ತಟ್ಟೆ, ಎಲ್ಲವನ್ನೂ ಹುಣಿಸೆಹಣ್ಣು ಹಾಕಿ ತಿಕ್ಕಿ ತೊಳೆದು ಹಲಗೆಯ ಮೇಲೆ ಸಾಲಾಗಿ ಜೋಡಿಸುತ್ತಿದ್ದರು. ನನ್ನನ್ನು ಕೆಣಕದೆ ಬಿಡುತ್ತಿರಲಿಲ್ಲ.

"ಸಾರ್, ನಿಮ್ಮ ತಕ್ಕಡಿಗೂ ಒಂದು ಬೊಟ್ಟು ಇಡ್ತೀನಿ, ಬ್ಯಾಡ ಅನ್ನಬ್ಯಾಡಿ. ವರ್ಸಪೂರ್ತಿ ಗೇಯೋದು ಅದು, ಹೆಸರು ಬರೋದು ನಿಮಗೆ."

"ಆಮೇಲೆ ಆ ಕುಂಕುಮದ ತೂಕ ಯಾರು ಕಳೀತಾರೆ ಗೌಡ್ರೇ?"

"ಅದ ತಾಯಿ ಚಾಮುಂಡಿ ನೋಡ್ಕತಾಳೆ ಬುಡಿ."

ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ನನ್ನ ನಗುವಿನಲ್ಲಿ ತಾತ್ಸಾರವಿತ್ತು. ನನ್ನ ತಂದೆ ಅರಮನೆಯ ಸೇವೆಯಲ್ಲಿದ್ದ ಪಂಡಿತರು, ಲಕ್ಷ್ಮೀಪುರಂನ ನಮ್ಮ ಮನೆಯಲ್ಲಿ ಪೂಜೆ ಪುನಸ್ಕಾರಗಳಿಗೆ ಕೊರತೆಯಿರಲಿಲ್ಲ. ಅದನ್ನೆಲ್ಲ ದಾಟಿ ಬಂದ ವಿಜ್ಞಾನಿ ನಾನು ಎಂಬ ಹೆಮ್ಮೆ. ತೊಳೆದಿಟ್ಟ ಆಯುಧಗಳನ್ನು ವಿಜಯದಶಮಿಯವರೆಗೆ ಬಳಸಬಾರದೆಂಬ ಪದ್ಧತಿಯಂತೂ ನನಗೆ ಕೆಲಸಗಳ್ಳತನದಂತೆ ಕಾಣುತ್ತಿತ್ತು.

"ಮಲಗ್ಸಿರೋದನ್ನ ಎಬ್ಬಿಸಬಾರದು ಸಾರ್," ಎಂದು ಆ ವರ್ಷ ಪೂಜೆ ಮುಗಿಸಿ ಸಂಜೆ ಹೊರಡುವಾಗಲೂ ಗೌಡರು ಹೇಳಿದ್ದರು. "ಬನ್ನಿ ಕೊಟ್ಟ ಮ್ಯಾಲೆ ಮುಟ್ಟಿ."

ಅವರು ಹೋದರು. ಎಲ್ಲರೂ ಹೋದರು. ಹೊರಗೆ ಹಸ್ತ ಮಳೆ ಹಿಡಿದಿತ್ತು. ರಜೆ ಮುಗಿದೊಡನೆ ಯಜಮಾನರಿಗೆ ಕಸ್ತೂರಿಯ ಹೊಸ ಮಾದರಿಯೊಂದನ್ನು ತೋರಿಸುವುದಾಗಿ ನಾನು ಮಾತು ಕೊಟ್ಟಿದ್ದೆ, ಇನ್ನೊಂದು ಪ್ರಯೋಗ ಬಾಕಿಯಿತ್ತು. ಉಗ್ರಾಣದ ಎರಡನೆಯ ಬೀಗದಕೈ ನನ್ನ ಬಳಿಯೇ ಇತ್ತು. ತೆರೆದೆ. ಮೊಗೆಯಲು ಸೌಟು ಬೇಕು. ಸೌಟುಗಳೆಲ್ಲ ಹಲಗೆಯ ಮೇಲೆ. ಸಾಲಿನಿಂದ ಒಂದನ್ನು ಎತ್ತಿಕೊಂಡು, ಬಟ್ಟಲಿನ ಭಾಗವನ್ನು ಕರವಸ್ತ್ರದಿಂದ ಒರೆಸಿದೆ. ಒಲೆ ಹಚ್ಚಿ ಕಾಯಿಸುವ ತಾಳ್ಮೆ — ನನ್ನದೇ ನಿಯಮವನ್ನು ಪಾಲಿಸುವಷ್ಟು ತಾಳ್ಮೆ — ನನಗಿರಲಿಲ್ಲ.

ಆ ಸೌಟಿನ ಹಿಡಿ ಟೊಳ್ಳು. ತೊಳೆದ ನೀರು ಅದರೊಳಗೆ ನಿಂತಿತ್ತು. ಡಬ್ಬದ ಮುಚ್ಚಳ ತೆಗೆದು ಒಳಕ್ಕೆ ಬಗ್ಗಿಸಿದಾಗ ಆ ನೀರು ಹಿಡಿಯಿಂದ ಜಾರಿ ಪುಡಿಯ ಮೇಲೆ ಇಳಿಯಿತು. ಸುರ್ರೆಂಬ ಸದ್ದು, ಬಿಳಿಯ ಹೊಗೆ, ಮುಖಕ್ಕೆ ಶಾಖ. ನಾನು ಹೆದರಿ ಮುಚ್ಚಳವನ್ನು ಒತ್ತಿದೆ. ಅಂಗೈಯಿಂದ ಗುದ್ದಿ ಗುದ್ದಿ ಕೂರಿಸಿದೆ. ಆಮೇಲೆ — ಇದನ್ನು ಬರೆಯಲೇಬೇಕು — ಮೇಣ ಕರಗಿಸಿ ಅಂಚಿನ ಸುತ್ತಲೂ ಹಾಕಿದೆ, ಗೌಡರು ಹಾಕುವಂತೆಯೇ, ಯಾರೂ ತೆರೆದಿಲ್ಲವೆಂಬಂತೆ.

ಏನು ಮಾಡಬೇಕಿತ್ತೆಂಬುದು ನನಗೆ ತಿಳಿಯದೆ ಇರಲಿಲ್ಲ. ಡಬ್ಬವನ್ನು ಸೂರಿನ ಕೆಳಗೆ, ಗಾಳಿಯಾಡುವ ಒಣ ಜಾಗಕ್ಕೆ ಸಾಗಿಸಿ, ಮುಚ್ಚಳವನ್ನು ಸಡಿಲವಾಗಿ ಬಿಟ್ಟು, ಹೊಗೆ ನಿಲ್ಲುವವರೆಗೆ ಕಾದು, 'ಮುಟ್ಟಬೇಡಿ' ಎಂದು ಚೀಟಿ ಅಂಟಿಸಬೇಕಿತ್ತು. ಗೌಡರಿಗೆ ಹೇಳಬೇಕಿತ್ತು. ನಾನು ಕೈ ತೊಳೆದುಕೊಂಡು ಮನೆಗೆ ಹೋದೆ. ರಜೆಯ ಮೇಲೆ ನಾನೇ ಮೊದಲು ಬಂದು ಸರಿಪಡಿಸುತ್ತೇನೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಮರೆತುಹೋಯಿತು ಎಂದು ಬರೆದರೆ ಯಾರೂ ಅಲ್ಲಗಳೆಯಲಾರರು. ಮರೆತಿರಲಿಲ್ಲ. ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ಪತ್ರಿಕೆ ಹಿಡಿದು ನಿಂತಿದ್ದವರ ಗುಂಪಿಗೆ ಉಪಗ್ರಹವು ಭೂಮಿಯನ್ನು ಸುತ್ತುವ ಬಗೆಯನ್ನು ವಿವರಿಸುತ್ತಿದ್ದೆ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಇನ್ನೈದು ನಿಮಿಷ, ಎಂದುಕೊಂಡೆ...

ಉಗ್ರಾಣದಿಂದ ಹಲಗೆ ಮುರಿದಂಥ ಸದ್ದು ಬಂತು.

ಓಡಿಹೋದಾಗ ಗೌಡರು ನೆಲದ ಮೇಲೆ ಮಂಡಿಯೂರಿ ಕೂತು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದರು. ಕಬ್ಬಿಣದ ಪಟ್ಟಿಯಿಂದ ಮೀಟಿದ ಕೂಡಲೇ ಮುಚ್ಚಳ ಹಾರಿತ್ತು. ಅನಿಲವೂ ಪುಡಿಯೂ ಮುಖಕ್ಕೆ ಎರಚಿದ್ದವು. ಪಕ್ಕದಲ್ಲಿ ಒಬ್ಬ ಆಳು ನೀರು ತುಂಬಿದ ಬಿಂದಿಗೆ ಹಿಡಿದುಕೊಂಡು, ಸುರಿಯಲೂ ಆರದೆ ಇಳಿಸಲೂ ಆರದೆ ನಿಂತಿದ್ದ. "ಇದಕ್ಕೆ ನೀರು ತೋರಿಸಬೇಡಿ" ಎಂದು ಅವರಿಗೆಲ್ಲ ಪಾಠ ಹೇಳಿದವನು ನಾನೇ. ಪುಡಿಗೆ ನೀರು ಶತ್ರು. ಆದರೆ ಅದು ಮೈಮೇಲೆ ಬಿದ್ದರೆ ಒಣಬಟ್ಟೆಯಿಂದ ಒಡನೆ ಝಾಡಿಸಿ ಧಾರಾಳ ನೀರು ಸುರಿಯಬೇಕು, ಕಣ್ಣಿಗೆ ಬಿದ್ದರೆ ಒಂದು ಕ್ಷಣವೂ ತಡೆಯದೆ ತೊಳೆಯಬೇಕು, ತೊಳೆಯುತ್ತಲೇ ಇರಬೇಕು — ಪಾಠದ ಈ ಅರ್ಧವನ್ನು ನಾನು ಹೇಳಿಕೊಟ್ಟಿರಲಿಲ್ಲ. ಕಪಾಟಿನಲ್ಲಿದ್ದ ರಕ್ಷಣಾ ಕನ್ನಡಕಗಳನ್ನು ಹೊರಗೆ ತೆಗೆದೂ ಇರಲಿಲ್ಲ. ಬಲಗಣ್ಣು ಉಳಿಯಿತು. ಎಡಗಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ ಬೆಳೆದು ನಿಂತಿತು.

ಯಜಮಾನರು ಬಂದು ಡಬ್ಬವನ್ನು ನೋಡಿದರು. ಅದರ ಹೊಟ್ಟೆಯ ಮೇಲೆ ಗೌಡರು ಇಟ್ಟಿದ್ದ ಗಂಧ ಕುಂಕುಮ ಹಾಗೆಯೇ ಇತ್ತು.

"ಇದರೊಳಕ್ಕೆ ನೀರು ಎಲ್ಲಿಂದ ಹೋಯ್ತು?" ಎಂದು ನನ್ನನ್ನು ಕೇಳಿದರು.

ನಾನು ಹೇಳಿದ್ದು ಇಷ್ಟೇ. "ಪೂಜೆಗೆ ಅಂತ ತೊಳೆದಿದ್ದಾರಲ್ಲ."

ಗೌಡರು ಡಬ್ಬದ ಹೊರಮೈಯನ್ನು ಒದ್ದೆಬಟ್ಟೆಯಿಂದ ಒರೆಸಿದ್ದು ನಿಜವೇ. ಅಷ್ಟು ನಿಜವನ್ನು ಹೇಳಿ ಉಳಿದದ್ದನ್ನು ಯಜಮಾನರ ಊಹೆಗೆ ಬಿಟ್ಟೆ. ಸುಳ್ಳನ್ನು ಅಷ್ಟು ಅಚ್ಚುಕಟ್ಟಾಗಿ ಹೇಳಲು ಕಲಿತದ್ದು — ಬಹುಶಃ ಸಂಶೋಧನೆಯಿಂದಲೇ.

"ಅಲ್ರೀ, ಆ ರಷ್ಯದವರು ಆಕಾಶಕ್ಕೆ ಚಂದ್ರನ್ನ ಮಾಡಿ ಬಿಡ್ತಾ ಇದ್ದಾರೆ," ಎಂದರು ಯಜಮಾನರು. "ನಾವು ಡಬ್ಬಕ್ಕೆ ಅರಿಶಿನ ಬಳೀತಾ ಕೂತಿದ್ದೀವಿ."

ಸುತ್ತ ನಿಂತವರು ತಲೆದೂಗಿದರು. ನಾನೂ ತಲೆದೂಗಿದೆ. ಪ್ರಶ್ನೆ ಅಲ್ಲಿಗೆ ಮುಗಿದುಹೋಯಿತು. ಅಂದಿನ ಗಾಳಿಯೇ ನನ್ನ ಪರವಾಗಿತ್ತು. ಮೂಢನಂಬಿಕೆ ಎಂಬ ಒಂದು ಮಾತು ಸಾಕಾಗಿತ್ತು, ಮೇಣದ ಅಂಚನ್ನು ಯಾರೂ ಪರೀಕ್ಷಿಸಲಿಲ್ಲ.

ಆಸ್ಪತ್ರೆಯಲ್ಲಿ ಗೌಡರ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ದನಿಯಿಂದಲೇ ನನ್ನನ್ನು ಗುರುತು ಹಿಡಿದರು.

"ನಂದೇ ತಪ್ಪು ಸಾರ್. ಬರೀ ಬಟ್ಟೇಲಿ ಒರೆಸಿದ್ದೆ ಅನ್ಕಂಡಿದ್ದೆ. ಎಲ್ಲೋ ಒಂದು ಹನಿ ಇಳ್ದುಬುಟ್ಟದೆ. ನಿಮ್ಮ ಕೆಲಸ ಕೆಟ್ಟೋಯ್ತು."

"ಇರಲಿ ಬಿಡಿ ಗೌಡ್ರೇ," ಎಂದೆ. "ಆದದ್ದಾಯ್ತು."

ಓದುಗರು ಗಮನಿಸಬೇಕು. ನಾನು ಅವರನ್ನು ಕ್ಷಮಿಸಿದೆ. ಉದಾರವಾದ ದನಿಯಲ್ಲಿ, ಅವರ ಕೈ ತಟ್ಟಿ, ಕ್ಷಮಿಸಿದೆ. ನಾನು ಮಾಡಿದ ಎಲ್ಲದರಲ್ಲಿ ಇದಕ್ಕಿಂತ ಕೀಳಾದದ್ದು ಇನ್ನೊಂದಿಲ್ಲ.

ಅವರನ್ನು ಉಗ್ರಾಣದಿಂದ ತೆಗೆದು ಬಾಗಿಲು ಕಾಯಲು ಹಾಕಿದರು. ಮುಂದಿನ ದಸರೆಗೆ ಮುಂಚೆ ಅವರಾಗಿಯೇ ಕೆಲಸ ಬಿಟ್ಟರು. ಕಾರ್ಖಾನೆಯಲ್ಲಿ ಆಯುಧಪೂಜೆ ನಿಂತಿತು. ನಾನು ಬೇರೆ ಸಂಶೋಧನಾ ಸಂಸ್ಥೆಗೆ ಸೇರಿ ಹೆಸರು ಸಂಪಾದಿಸಿದೆ. ಅಪಾಯಕಾರಿ ರಾಸಾಯನಿಕಗಳನ್ನು ಜೋಪಾನವಾಗಿ ಬಳಸುವುದರ ಬಗ್ಗೆ ಕಾಲೇಜುಗಳಲ್ಲಿ ಉಪನ್ಯಾಸ ಕೊಡಲು ನನ್ನನ್ನು ಪ್ರತಿವರ್ಷ ಕರೆಯುತ್ತಿದ್ದರು. ಪ್ರತಿವರ್ಷವೂ ನಾನು ನಂಜೇಗೌಡರ ಕಥೆ ಹೇಳುತ್ತಿದ್ದೆ. ಹೆಸರು ಸಹಿತ. ಅವರ ಮಾತಿನ ಧಾಟಿಯನ್ನು ಅನುಕರಿಸಿ ನಗಿಸುತ್ತಿದ್ದೆ ಕೂಡ. ಅದು ನನ್ನ ಉಪನ್ಯಾಸದ ಅತ್ಯಂತ ಜನಪ್ರಿಯ ಭಾಗವಾಗಿತ್ತು.

ನಿವೃತ್ತನಾದ ಮೇಲೆ, ಈ ವರ್ಷ, ಮತ್ತೆ ಕರೆದರು. ಮತ್ತೆ ಅದೇ ಕಥೆ ಹೇಳಿದೆ. ನಗೆ ಅಡಗಿದ ಮೇಲೆ ಎರಡನೆಯ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು.

"ಸಾರ್, ಅವರು ತೊಳೆದದ್ದು ಹೊರಗಡೆ ತಾನೆ? ಮುಚ್ಚಳ ಬಿಗಿಯಾಗಿದ್ರೆ ನೀರು ಒಳಗೆ ಹೋಗೋದು ಹೇಗೆ?"

"ಮುಚ್ಚಳ ಸ್ವಲ್ಪ ಸಡಿಲವಾಗಿದ್ದಿರಬೇಕು ಕಣಮ್ಮ."

"ಸಡಿಲ ಇದ್ದಿದ್ರೆ ಗ್ಯಾಸೂ ಹಾಗೇ ಹೊರಗೆ ಹೋಗ್ಬಿಡ್ತಿತ್ತಲ್ವಾ ಸಾರ್? ಮುಚ್ಚಳ ಹಾರೋ ಅಷ್ಟು ಒತ್ತಡ ಹೇಗೆ ಬಂತು?" ಅವಳು ಒಂದು ಕ್ಷಣ ಯೋಚಿಸಿದಳು. "ಯಾರೋ ತೆಗೆದು, ನೀರು ಬಿದ್ದ ಮೇಲೆ ಬಿಗಿಯಾಗಿ ಮುಚ್ಚಿದ್ರೆ ಮಾತ್ರ ಹಾಗಾಗತ್ತೆ."

ಅಧ್ಯಾಪಕರು ಹೊತ್ತಾಯಿತೆಂದು ಅವಳನ್ನು ಕೂರಿಸಿದರು. ಅವಳು ಯಾರ ಮೇಲೂ ಆರೋಪ ಹೊರಿಸಲು ಎದ್ದವಳಲ್ಲ. ಲೆಕ್ಕ ಹೊಂದಲಿಲ್ಲ, ಅಷ್ಟೇ, ಅದಕ್ಕೆ ಕೇಳಿದಳು. ಇಷ್ಟು ವರ್ಷ, ಅಷ್ಟೊಂದು ಜನ — ಯಾರಿಗೂ ಹೊಳೆಯದೆ ಹೋದದ್ದು ಎರಡೇ ಪ್ರಶ್ನೆಯಲ್ಲಿ ಬಯಲಾಯಿತು. ವೇದಿಕೆಯಿಂದ ಯಾರ ಮುಖವನ್ನೂ ನೋಡದೆ ಇಳಿದೆ. ಆದರೆ ಮನೆಯ ದಾರಿ ಹಿಡಿದಾಗ, ಹೇಗೆ ಹೇಳಲಿ, ಎದೆಯ ಒಳಗೆಲ್ಲೋ ಒಂದು ಬಗೆಯ ಸಂತೋಷವೂ ಇತ್ತು. ಈ ಊರಿನಲ್ಲಿ ಇಷ್ಟು ನೇರವಾಗಿ ಯೋಚಿಸುವ ಹುಡುಗಿಯರು ಬೆಳೆಯುತ್ತಿದ್ದಾರೆ. ಅವಳ ಪ್ರಶ್ನೆಗೆ ಉತ್ತರ ಗೊತ್ತಿದ್ದವನು ನಾನೊಬ್ಬನೇ — ಆ ಉತ್ತರ ಮೊದಲು ಸಲ್ಲಬೇಕಾದವರು ಬೇರೆಯವರು.

ಗೌಡರು ಬನ್ನಿಮಂಟಪದ ಹಿಂದಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆಂದು ವಿಚಾರಿಸಿ ತಿಳಿದುಕೊಂಡೆ. ಹೋದಾಗ ಗಿರಣಿ ಓಡುತ್ತಿತ್ತು. ಹುಬ್ಬು ಮೀಸೆಯೆಲ್ಲ ರಾಗಿಹಿಟ್ಟು. ಬಲಗಣ್ಣನ್ನು ನನ್ನ ಕಡೆ ತಿರುಗಿಸಿ ನೋಡಿ, ಗುರುತು ಹಿಡಿದು, ಆ ದೊಡ್ಡ ನಗೆ ನಕ್ಕರು.

"ಏನ್ ಸಾರ್, ರಾಗಿ ಬೀಸ್ಕಂಡು ಹೋಗಕ್ಕೆ ಬಂದ್ರಾ?"

ಪಕ್ಕದ ಸೈಕಲ್ ಅಂಗಡಿಯವನು ಸರದಿಯಲ್ಲಿ ಡಬ್ಬ ಇಟ್ಟುಕೊಂಡು ನಿಂತಿದ್ದ. "ಮಾತಾಡಿಸಿ ಸ್ವಾಮಿ, ಮಾತಾಡಿಸಿ," ಎಂದ. "ಗೌಡ್ರು ಕಮ್ಯುನಿಸ್ಟರಾಗ್ಬುಟ್ಟವ್ರೆ. ಬೀದಿಲೆಲ್ಲ ಆಯುಧಪೂಜೆ ಮಾಡ್ತೀವಿ, ಇವ್ರ ಮಿಸನ್ನಿಗೆ ಒಂದು ಹೂವೂ ಇಲ್ಲ."

ಗೌಡರು ನಗುತ್ತಲೇ ಇದ್ದರು. ಆದರೆ ಆ ಮಾತಿಗೆ ಉತ್ತರ ಕೊಟ್ಟದ್ದು ಒಳಗಿನಿಂದ ಬಂದ ಅವರ ಹೆಂಡತಿ ಪುಟ್ಟಮ್ಮನವರು. "ಕಮ್ಯುನಿಸ್ಟೂ ಇಲ್ಲ ಏನೂ ಇಲ್ಲ. ನನ್ನ ಕೈಯಿಂದ ಪೂಜೆ ಕೆಟ್ಟದೆ, ನಾನು ಮುಟ್ಟಿದ್ರೆ ಇನ್ಯಾರ ಕಣ್ಣು ಹೋದಾದೋ ಅಂತಾರೆ ಇವ್ರು. ಹತ್ತು ವರ್ಸ ಆಯ್ತು, ದೀಪ ಕೂಡ ನಾನೇ ಹಚ್ಚಬೇಕು."

ನಾನು ಅವರ ಕಣ್ಣನ್ನು ಮಾತ್ರ ಕಳೆದಿದ್ದೇನೆ ಎಂದುಕೊಂಡಿದ್ದೆ.

ಸೈಕಲ್ ಅಂಗಡಿಯವನು ಹಿಟ್ಟು ತೆಗೆದುಕೊಂಡು ಹೋಗುವವರೆಗೆ ಕಾದೆ. ಆಮೇಲೆ ಹೇಳಿದೆ. ಪೀಠಿಕೆಯಿಲ್ಲದೆ ಹೇಳಬೇಕೆಂದು ದಾರಿಯುದ್ದಕ್ಕೂ ನಿಶ್ಚಯಿಸಿಕೊಂಡಿದ್ದೆ, ಆದರೂ ತೊದಲಿದೆ. ಹಲಗೆಯ ಮೇಲಿನ ಸೌಟು, ಟೊಳ್ಳು ಹಿಡಿ, ಹೊಗೆ, ಮೇಣ, ಯಜಮಾನರಿಗೆ ಹೇಳಿದ ಮಾತು, ಆಸ್ಪತ್ರೆಯ ಮಾತು. ಉಪನ್ಯಾಸಗಳ ಸಂಗತಿಯನ್ನೂ ಬಿಡಲಿಲ್ಲ, ಅವರ ದನಿಯನ್ನು ಅನುಕರಿಸಿದ್ದನ್ನೂ. ಗೌಡರು ಕೈಚಾಚಿ ಯಂತ್ರವನ್ನು ನಿಲ್ಲಿಸಿದರು. ಪಟ್ಟಿ ನಿಧಾನವಾಗಿ ತಿರುಗಿ ನಿಂತಿತು.

"ಹಿಡೀಲಿತ್ತಾ ನೀರು?" ಎಂದು ಕೇಳಿದರು.

"ಹಿಡಿಯಲ್ಲಿತ್ತು."

"ನಾನು ಒರೆಸಿದ್ದು ಸುತ್ತ ಮಾತ್ರ. ಮೇಣದ ಮ್ಯಾಲೆ ಬಟ್ಟೆ ಕೂಡ ಆಡಿಸ್ಲಿಲ್ಲ." ಇದನ್ನು ನನಗಲ್ಲ, ಹೆಂಡತಿಗೆ ಹೇಳಿದರು. "ಏಟೋ ಸಲ ಹೇಳಿದ್ನಲ್ಲ ನಿಂಗೆ, ಆಡಿಸಿದ ನೆಪ್ಪೇ ಇಲ್ಲ ಅಂತ."

ಪುಟ್ಟಮ್ಮನವರು ನನ್ನನ್ನು ನೋಡಿದರು. "ಈಗ್ಯಾಕೆ ಬಂದ್ರಿ ಸ್ವಾಮಿ? ಕಣ್ಣು ಕೊಡಕ್ಕೆ ಬಂದ್ರಾ?"

"ಇಲ್ಲಮ್ಮ. ಕೊಡೋ ಹಾಗಿಲ್ಲ."

"ಮತ್ತೆ?"

ಇನ್ನು ಮುಂದೆ ಯಾವ ಉಪನ್ಯಾಸದಲ್ಲೂ ಅವರ ಹೆಸರೆತ್ತುವುದಿಲ್ಲ, ಆ ಕಥೆಯನ್ನೇ ಕೈಬಿಡುತ್ತೇನೆ ಎಂದೆ. ಗೌಡರು ತಲೆಯಾಡಿಸಿದರು.

"ಕತೆ ಯಾಕೆ ಬುಡ್ತೀರಿ? ಆ ಮಕ್ಕಳು ನಾಳೆ ಇಂಥ ಡಬ್ಬನೇ ತೆಗೀಬೇಕು. ಹೇಳಿ. ನನ್ನ ಹೆಸರು ಇರೋ ಜಾಗದಲ್ಲಿ ನಿಮ್ಮ ಹೆಸರು ಹಾಕ್ಕೊಳಿ."

ಮತ್ತೆ ಅಂದರು: "ನನ್ನ ಎದ್ರಿಗೇ ಹೇಳಿ. ನಾನೂ ಬತ್ತೀನಿ. ನನ್ನಂಗೆ ಮಾತಾಡಿ ನಗಿಸ್ತಿದ್ರಂತಲ್ಲ, ನಿಮ್ಮಂಗೆ ಮಾತಾಡದು ಎಂಗಿರ್ತದೆ ಕೇಳಾಣ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಹಿಂದೊಮ್ಮೆ ನಾನು ಅವರಿಗೆ ಕೊಟ್ಟ ಕ್ಷಮೆಯ ನೆನಪು ನಾಲಿಗೆಯನ್ನು ಕಟ್ಟಿತ್ತು. ಎದ್ದು ನಿಂತಾಗ ಪುಟ್ಟಮ್ಮನವರು, "ಕಾಫಿ ಗೀಫಿ ಏನೂ ಇಲ್ಲ ಇವತ್ತು," ಎಂದರು. ಆ 'ಇವತ್ತು' ಎಂಬ ಮಾತಿನಿಂದ ಏನಾದರೂ ನಿರೀಕ್ಷಿಸುವ ಹಕ್ಕು ನನಗಿಲ್ಲ. ಆದರೂ ಲಕ್ಷ್ಮೀಪುರಂವರೆಗೆ ಅದನ್ನೇ ನೆನೆಯುತ್ತ ನಡೆದುಬಂದೆ.

ಮರುದಿನವೇ ಕಾಲೇಜಿನ ಪ್ರಾಂಶುಪಾಲರನ್ನು ಕಂಡು, ಇನ್ನೊಂದು ಉಪನ್ಯಾಸಕ್ಕೆ ಅವಕಾಶ ಬೇಡಿದೆ. ಏಕೆ ಎಂದರು, ಹೇಳಿದೆ. "ಹಳೆಯ ಮಾತು, ಈಗ ಯಾಕೆ ಕೆದಕ್ತೀರಿ? ನಿಮ್ಮ ಹೆಸರು..." ಎಂದು ಅರ್ಧಕ್ಕೆ ನಿಲ್ಲಿಸಿದರು. ನನ್ನ ಹೆಸರೇ ಬೇಕೆಂದು ಗೌಡರು ಕೇಳಿದ್ದಾರೆ ಎಂದೆ. ಒಪ್ಪಿದರು. ದಸರೆಯ ರಜೆಗೆ ಮುಂಚಿನ ವಾರ ಎಂದು ನಿಗದಿಯಾಗಿದೆ. ಎರಡನೆಯ ಸಾಲಿನ ಆ ವಿದ್ಯಾರ್ಥಿನಿಯನ್ನು ತಪ್ಪದೆ ಕರೆಸಬೇಕೆಂದು ಕೋರಿದ್ದೇನೆ. ಅವಳ ಲೆಕ್ಕ ಸರಿಯಾಗಿತ್ತೆಂದು ಎಲ್ಲರೆದುರು ಅವಳಿಗೆ ತಿಳಿಯಬೇಕು. ಹಳೆಯ ಕಾರ್ಖಾನೆಯಲ್ಲಿದ್ದವರಲ್ಲಿ ವಿಳಾಸ ಸಿಕ್ಕವರಿಗೆಲ್ಲ ಬರೆದಿದ್ದೇನೆ. ಈ ಬರಹವನ್ನು ಅಚ್ಚಿಗೆ ಕೊಡುವ ಮುನ್ನ ಗಿರಣಿಯ ಜಗಲಿಯಲ್ಲಿ ಕೂತು ಗೌಡ ದಂಪತಿಗಳಿಗೆ ಓದಿ ಹೇಳಿದ್ದೇನೆ. ಆಸ್ಪತ್ರೆಯ ಭಾಗ ಬಂದಾಗ ಪುಟ್ಟಮ್ಮನವರು ಎದ್ದು ಒಳಗೆ ಹೋದರು. ಗೌಡರು ಕೊನೆಯವರೆಗೂ ಕೇಳಿದರು. ಒಂದು ಮಾತನ್ನೂ ತೆಗೆಯಿರಿ ಎನ್ನಲಿಲ್ಲ.

ಉಪನ್ಯಾಸ ಮುಗಿದ ಮೇಲೆ ಪ್ರಶ್ನೆಗಳಿಗೆ ಸಮಯವಿರುತ್ತದೆ. ಮೊದಲ ಪ್ರಶ್ನೆ ತಮ್ಮದೆಂದು ಗೌಡರು ಹೇಳಿಕಳಿಸಿದ್ದಾರೆ. ಅವರು ಏನು ಕೇಳುವರೋ ನನಗೆ ತಿಳಿಯದು. ಏನೇ ಕೇಳಲಿ, ಉತ್ತರಿಸುತ್ತೇನೆ.